ಒಂದು ಕಿಲೋ ಚಕ್ಕುಲಿಯ ಅಸಲು: ಊರಿನಲ್ಲಿ ತಿಂಡಿ ಅಂಗಡಿ ನಡೆಸುವವರಿಗೆ

ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದಿಂದ ಸಂತೆ ಬೀದಿಯ ಕಡೆಗೆ ನಡೆದರೆ ದಾರಿಯಲ್ಲಿ ಒಂದೆರಡಾದರೂ ಕಾಂಡಿಮೆಂಟ್ಸ್ ಅಂಗಡಿಗಳು ಸಿಗುತ್ತವೆ. ಗಾಜಿನ ಭರಣಿಗಳಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರಾಸೇವೆ, ಮೇಲಿನ ಹಲಗೆಯಲ್ಲಿ ಹಪ್ಪಳ, ಸಂಡಿಗೆ, ಸಾರಿನ ಪುಡಿ, ಮುಂದೆ ತಕ್ಕಡಿ, ಹಿಂದೆ ಬಾಣಲೆ. ಇಷ್ಟೇ ಅದರ ಸಂಸಾರ. ಅಂಥದೊಂದು ಅಂಗಡಿಯಲ್ಲಿ ಹನ್ನೆರಡು ವರ್ಷ ಕುಳಿತು, ಅಕ್ಕಪಕ್ಕದವು ತೆರೆಯುವುದನ್ನೂ ಮುಚ್ಚುವುದನ್ನೂ ನೋಡಿದವನ ಮಾತಿದು. ಮುಚ್ಚಿದ ಅಂಗಡಿಗಳ ಪೈಕಿ ಹೆಚ್ಚಿನವು ಗಿರಾಕಿಗಳಿಲ್ಲದೆ ಮುಚ್ಚಿದವಲ್ಲ. ಬಾಗಿಲು ಎಳೆದ ವಾರದವರೆಗೂ ಅಲ್ಲಿ ಜನ ನಿಂತು ತೂಗಿಸಿಕೊಂಡು ಹೋಗುತ್ತಿದ್ದರು. ತಾನು ಮಾರುವ ಒಂದು ಕಿಲೋ ಮಾಲು ತನಗೆ ಎಷ್ಟಕ್ಕೆ ಬಿದ್ದಿದೆ ಎಂಬುದು ಮಾಲೀಕನಿಗೆ ಗೊತ್ತಿರಲಿಲ್ಲ, ಅಷ್ಟೆ. ಆದ್ದರಿಂದ ಜಾಗ, ಬೋರ್ಡು, ಜಾಹೀರಾತುಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಅಸಲಿನಿಂದಲೇ ಆರಂಭಿಸುತ್ತೇನೆ.

ಅಸಲು ಕಟ್ಟುವ ಕ್ರಮ

ಒಂದು ಒಬ್ಬೆ, ಅಂದರೆ ಒಂದು ಸಲಕ್ಕೆ ಕಲಸಿ ಕರಿಯುವಷ್ಟು, ಚಕ್ಕುಲಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೆಳಗಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಹಿಡಿದವು. ನಿಮ್ಮ ಊರಿನ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು. 8 ಕಿಲೋ ಅಕ್ಕಿ ಹಿಟ್ಟು ಕಿಲೋಗೆ 55 ರೂಪಾಯಿಯಂತೆ 440, ಹುರಿದು ಬೀಸಿದ ಉದ್ದಿನ ಹಿಟ್ಟು 2 ಕಿಲೋ 150ರಂತೆ 300, ಬೆಣ್ಣೆ ಒಂದು ಕಿಲೋ 550, ಎಳ್ಳು, ಜೀರಿಗೆ, ಓಮ, ಇಂಗು, ಉಪ್ಪು ಎಲ್ಲ ಸೇರಿ 160, ಚಕ್ಕುಲಿ ಕುಡಿಯುವ ಎಣ್ಣೆ 3 ಲೀಟರ್ 150ರಂತೆ 450. ಒಟ್ಟು 1,900 ರೂಪಾಯಿ. ಕರಿದು ತೆಗೆದಾಗ 13 ಕಿಲೋ ತೂಗಿತು ಎಂದುಕೊಂಡರೆ ಕಿಲೋಗೆ 146 ರೂಪಾಯಿ ಬಿತ್ತು. ಹೊಸಬರು ಇಲ್ಲಿಗೆ ಪೆನ್ಸಿಲ್ ಕೆಳಗಿಟ್ಟು, 220ಕ್ಕೆ ಮಾರಿದರೆ ಕಿಲೋಗೆ 74 ರೂಪಾಯಿ ಲಾಭ ಎಂದು ಸಂತೋಷಪಡುತ್ತಾರೆ. ನಾನೂ ಮೊದಲ ಎರಡು ವರ್ಷ ಹಾಗೆಯೇ ಸಂತೋಷಪಟ್ಟವನು.

ಈಗ ಉಳಿದದ್ದನ್ನು ಸೇರಿಸಿ. ಒಲೆ ಉರಿದ ಗ್ಯಾಸು 300 ರೂಪಾಯಿ. ಹಿಟ್ಟು ನಾದಿ, ಒತ್ತಿ, ಕರಿದ ಇಬ್ಬರ ಆ ಹೊತ್ತಿನ ಕೂಲಿ 900. ಇಬ್ಬರಲ್ಲಿ ಒಬ್ಬರು ನೀವೇ ಆಗಿದ್ದರೂ, ಇನ್ನೊಬ್ಬರು ನಿಮ್ಮ ಮನೆಯವರೇ ಆಗಿದ್ದರೂ ಈ ಕೂಲಿಯನ್ನು ಹಿಡಿಯಲೇಬೇಕು. ನಾಳೆ ಅವರಿಗೆ ಮೈ ಹುಷಾರಿಲ್ಲದಾಗ ಹೊರಗಿನವರಿಗೆ ಕೊಡಬೇಕಾಗಿ ಬರುವ ಹಣ ಅದು. ಕವರು, ಲೇಬಲ್ಲು, ದಾರ 100. ಈಗ ಒಟ್ಟು 3,200. ಇನ್ನು 13 ಕಿಲೋದಲ್ಲಿ ಭರಣಿಯ ತಳಕ್ಕೆ ಸೇರುವ ಮುರುಕು ಮತ್ತು ಪುಡಿ, ರುಚಿ ನೋಡಲು ಕೊಟ್ಟದ್ದು, ಪಕ್ಕದ ಅಂಗಡಿಯ ಮಗುವಿನ ಕೈಗಿತ್ತದ್ದು ಎಲ್ಲ ಸೇರಿ ಒಂದು ಕಿಲೋ ಹೋದರೆ ಮಾರಾಟಕ್ಕೆ ಉಳಿಯುವುದು 12 ಕಿಲೋ. ಅಂದರೆ ಕಿಲೋಗೆ 267 ರೂಪಾಯಿ.

ಇಷ್ಟಕ್ಕೂ ಅಂಗಡಿಯ ಬಾಡಿಗೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬಾಡಿಗೆ, ಕರೆಂಟು, ಗಲ್ಲಾದ ಮುಂದಿನ ಹುಡುಗನ ಸಂಬಳ, ನೀರು, ಪೂಜೆಯ ಹೂವು ಇವೆಲ್ಲ ಸೇರಿ ತಿಂಗಳಿಗೆ 30,000 ಎಂದಾದರೆ ದಿನಕ್ಕೆ 1,000 ರೂಪಾಯಿ. ದಿನಕ್ಕೆ ಎಲ್ಲ ತಿಂಡಿಗಳೂ ಸೇರಿ 20 ಕಿಲೋ ಮಾರಾಟವಾಗುತ್ತಿದ್ದರೆ ಪ್ರತಿ ಕಿಲೋ ತಿಂಡಿಯೂ 50 ರೂಪಾಯಿಯ ಬಾಡಿಗೆ ಹೊತ್ತುಕೊಂಡೇ ಹೊರಗೆ ಹೋಗುತ್ತದೆ. ಆಗ ಚಕ್ಕುಲಿಯ ನಿಜವಾದ ಅಸಲು 317 ರೂಪಾಯಿ. 220ಕ್ಕೆ ಮಾರುತ್ತಿದ್ದವನು ಪ್ರತಿ ಕಿಲೋದ ಜೊತೆಗೆ ಸುಮಾರು 97 ರೂಪಾಯಿಯನ್ನು ಗಿರಾಕಿಯ ಚೀಲಕ್ಕೆ ಹಾಕಿ ಕಳಿಸುತ್ತಿದ್ದ. ಅವನ ಅಂಗಡಿಯ ಮುಂದೆ ಜನ ಸೇರಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಲೆಕ್ಕವನ್ನು ಪ್ರತಿ ತಿಂಡಿಗೂ ಬೇರೆ ಬೇರೆಯಾಗಿ, ಮೂರು ತಿಂಗಳಿಗೊಮ್ಮೆ ಮತ್ತು ಎಣ್ಣೆಯ ದರ ಏರಿದಾಗಲೆಲ್ಲ ಕಟ್ಟಬೇಕು. ಕಟ್ಟಿದಾಗ ಕೆಲವು ತಿಂಡಿಗಳು ಅಂಗಡಿಯನ್ನು ಸಾಕುತ್ತಿವೆ, ಕೆಲವನ್ನು ಅಂಗಡಿ ಸಾಕುತ್ತಿದೆ ಎಂಬುದು ಕಾಣುತ್ತದೆ. ನಷ್ಟದ ತಿಂಡಿಯನ್ನು ತಕ್ಷಣ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ನಿಪ್ಪಟ್ಟಿಗೆಂದು ಬಂದವರು ಅದರ ಜೊತೆಗೆ ಸಾರಿನ ಪುಡಿ ಕೊಂಡು ಹೋಗುತ್ತಿದ್ದರೆ ನಿಪ್ಪಟ್ಟಿಗೆ ಆ ರಿಯಾಯಿತಿ ಸಲ್ಲುತ್ತದೆ. ಆದರೆ ಅದು ನಾವು ತಿಳಿದು ಕೊಟ್ಟ ರಿಯಾಯಿತಿಯಾಗಿರಬೇಕು. ದರ ಏರಿಸುವಾಗ ತೂಕ ಇಳಿಸುವ ದಾರಿ ಹಿಡಿಯಬೇಡಿ. ಊರಿನ ಗಿರಾಕಿ ಕೈಯಲ್ಲಿ ಹಿಡಿದೇ ತೂಕ ಹೇಳುತ್ತಾನೆ. ಹತ್ತಿಪ್ಪತ್ತು ರೂಪಾಯಿ ಏರಿಸಿ, ಎಣ್ಣೆಯ ದರ ಏರಿದೆ ಎಂದು ನೇರವಾಗಿ ಹೇಳಿದರೆ ಎರಡು ದಿನ ಗೊಣಗುತ್ತಾರೆ, ಮೂರನೆಯ ದಿನ ಕೊಳ್ಳುತ್ತಾರೆ.

ಗಲ್ಲಾ ಮತ್ತು ಮನೆ

ಸಂಜೆ ಗಲ್ಲಾಪೆಟ್ಟಿಗೆಯಿಂದ ಹಾಲಿಗೆ, ತರಕಾರಿಗೆ, ಮಗನ ಟ್ಯೂಷನ್ನಿಗೆ ನೋಟು ಎತ್ತಿಕೊಳ್ಳುವ ಅಭ್ಯಾಸ ಎಲ್ಲಿಯವರೆಗೆ ಇರುತ್ತದೆಯೋ ಅಲ್ಲಿಯವರೆಗೆ ಮೇಲಿನ ಅಸಲಿನ ಲೆಕ್ಕ ಕಾಗದದ ಮೇಲಷ್ಟೇ ಇರುತ್ತದೆ. ಮಾಲೀಕನೂ ಒಂದು ಸಂಬಳ ಗೊತ್ತುಮಾಡಿಕೊಂಡು ತಿಂಗಳ ನಿಗದಿತ ದಿನ ತೆಗೆದುಕೊಳ್ಳಬೇಕು, ಅದರ ಹೊರತು ಗಲ್ಲಾಕ್ಕೆ ಕೈ ಹಾಕಬಾರದು. ಕಿರ್ದಿ ಪುಸ್ತಕಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಬೆಳಗಿನ ಆರಂಭದ ಶಿಲ್ಕು (ಗಲ್ಲಾದಲ್ಲಿ ಉಳಿದಿರುವ ಹಣ), ದಿನದ ನಗದು ಮಾರಾಟ, ಯುಪಿಐ ಮಾರಾಟ, ಉದ್ರಿ ಕೊಟ್ಟದ್ದು, ಉದ್ರಿ ಬಂದದ್ದು, ಖರ್ಚು, ರಾತ್ರಿಯ ಶಿಲ್ಕು, ಇಷ್ಟು ಬರೆದರೆ ಸಾಕು. ಎಣಿಸಿದ ಹಣಕ್ಕೂ ಪುಸ್ತಕದ ಶಿಲ್ಕಿಗೂ ಐವತ್ತು ರೂಪಾಯಿ ವ್ಯತ್ಯಾಸ ಬಂದರೆ ಅದನ್ನು ಹಾಗೆಯೇ ‘ವ್ಯತ್ಯಾಸ’ ಎಂದು ಬರೆಯಿರಿ. ಹೊಂದಿಸಲು ಸುಳ್ಳು ಖರ್ಚು ತೋರಿಸಬೇಡಿ. ತಿಂಗಳ ಕೊನೆಗೆ ಆ ವ್ಯತ್ಯಾಸಗಳನ್ನು ಕೂಡಿದಾಗ ಯಾವ ವಾರಗಳಲ್ಲಿ, ಯಾರು ಕುಳಿತಿದ್ದಾಗ ಹೆಚ್ಚು ಬಿದ್ದಿದೆ ಎಂಬುದು ತಾನೇ ಕಾಣುತ್ತದೆ.

ಬಾಡಿಗೆ, ತೆರಿಗೆ, ಹಬ್ಬದ ಬೋನಸ್ಸು ಇವು ಒಂದೇ ದಿನ ಬಂದು ಎದೆಯ ಮೇಲೆ ಕೂರುವ ಖರ್ಚುಗಳು. ಇವಕ್ಕೆ ಪಿಗ್ಮಿಯಂಥ ಉಪಾಯ ಇನ್ನೊಂದಿಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಈ ಠೇವಣಿಯಲ್ಲಿ ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಸಹಕಾರ ಸಂಘಗಳಲ್ಲೂ ಸೌಹಾರ್ದ ಸಹಕಾರಿಗಳಲ್ಲೂ ಇಂದಿಗೂ ನಡೆಯುತ್ತಿದೆ. ಬಡ್ಡಿ ಹೆಚ್ಚೇನೂ ಸಿಗುವುದಿಲ್ಲ. ಆದರೆ ಸಂಜೆ ಆರಕ್ಕೆ ಏಜೆಂಟು ಬಂದು ನಿಂತಾಗ 300 ರೂಪಾಯಿ ಕೊಟ್ಟುಬಿಟ್ಟರೆ ತಿಂಗಳಿಗೆ 9,000 ಕೈಗೆ ಸಿಗದ ಜಾಗದಲ್ಲಿ ಸೇರುತ್ತದೆ. ಸಂಘ ಯಾವುದು, ಅದರ ಲೆಕ್ಕಪತ್ರ ಹೇಗಿದೆ ಎಂದು ವಿಚಾರಿಸಿ, ಪ್ರತಿ ಕಂತಿಗೂ ರಸೀತಿ ಪಡೆಯುವುದು ನಿಮ್ಮ ಜವಾಬ್ದಾರಿ.

ಉದ್ರಿ

‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ಎಲ್ಲರೂ ತೂಗುಹಾಕುತ್ತಾರೆ, ಅದರ ಕೆಳಗೇ ಉದ್ರಿ ಬರೆಯುತ್ತಾರೆ. ಊರಿನಲ್ಲಿ ಅಂಗಡಿ ಇಟ್ಟವನು ಉದ್ರಿಯನ್ನು ಪೂರ್ತಿ ತಪ್ಪಿಸಲಾರ. ಸಂಬಳದ ದಿನಕ್ಕೆ ಕೊಡುವ ಮೇಷ್ಟ್ರು, ಹಾಲಿನ ಬಟವಾಡೆಯಾದಾಗ ಕೊಡುವ ರೈತರು, ಕೇಳಿದ ದಿನವೇ ಕೊಡುವ ಹಳೆಯ ಮನೆತನಗಳು, ಇವರೆಲ್ಲ ಉದ್ರಿಯಿಂದಲೇ ನಮ್ಮ ಅಂಗಡಿಗೆ ಕಟ್ಟುಬಿದ್ದ ಗಿರಾಕಿಗಳು. ಆದರೆ ಲೆಕ್ಕ ನೋಡಿ: ಮೂವತ್ತು ಮನೆಗಳು ತಲಾ 1,500 ಉಳಿಸಿಕೊಂಡರೆ 45,000 ರೂಪಾಯಿ ಬೀದಿಯಲ್ಲಿ ನಿಂತಿದೆ. ಅದೇ ಸಮಯಕ್ಕೆ ನೀವು ಮಂಡಿಯವನ ಬಳಿ ಎಣ್ಣೆ ಡಬ್ಬಕ್ಕೆ ಸಾಲ ಹೇಳುತ್ತಿರುತ್ತೀರಿ, ನಗದಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಬಿಟ್ಟುಕೊಡುತ್ತಿರುತ್ತೀರಿ.

ನಾನು ಕೊನೆಗೆ ಹಿಡಿದ ಕ್ರಮ ಹೀಗಿತ್ತು. ಪ್ರತಿ ಮನೆಗೂ ಒಂದು ಮಿತಿ, ಒಂದು ತಾರೀಖು. ಬರೆಯುವಾಗ ಮೊತ್ತವನ್ನು ಗಿರಾಕಿಯ ಎದುರಿಗೇ ಗಟ್ಟಿಯಾಗಿ ಓದುವುದು, ಹಳೆಯದರೊಂದಿಗೆ ಕೂಡಿ ಹೇಳುವುದು. “ಅಣ್ಣಾ, ಬರ್ಕೊಳ್ಳಿ” ಎಂದು ಚೀಲ ಎತ್ತಿಕೊಂಡು ಹೊರಟವರಿಗೆ, “ಇವತ್ತಿನದು 180, ಹಿಂದಿನದು ಸೇರಿ 1,340 ಆಯ್ತು ಅಕ್ಕಾ” ಎಂದರೆ ಅಷ್ಟೇ ಸಾಕು. ಹತ್ತರಲ್ಲಿ ನಾಲ್ವರು ಅಲ್ಲಿಯೇ ಐನೂರು ತೆಗೆದುಕೊಟ್ಟು ಹೋಗುತ್ತಾರೆ. ತಿಂಗಳ ಐದನೆಯ ತಾರೀಖಿನಂದು ಬಾಕಿಯ ಮೊತ್ತವನ್ನು ಅವರ ವಾಟ್ಸ್ಆ್ಯಪ್‌ಗೆ ಕಳಿಸುವುದು. ಇತರ ಗಿರಾಕಿಗಳ ಎದುರಿಗೆ, ಮದುವೆ ಮನೆಯಲ್ಲಿ, ದೇವಸ್ಥಾನದಲ್ಲಿ ಎಂದೂ ಬಾಕಿ ಕೇಳಬಾರದು. ಬಾಕಿ ಕೇಳಿಸಿಕೊಂಡ ಅವಮಾನಕ್ಕೆ ಎದುರು ಅಂಗಡಿಗೆ ಹೋಗುವವನು ಹಣವನ್ನೂ ಕೊಡುವುದಿಲ್ಲ. ಮಿತಿ ದಾಟಿದವರಿಗೆ ಮಾತ್ರ ನಯವಾಗಿ ನಿಲ್ಲಿಸಬೇಕು, ಅದರಲ್ಲಿ ನೆಂಟರಿಗೆ ವಿನಾಯಿತಿ ಕೊಟ್ಟರೆ ಕ್ರಮವೇ ಮುರಿದುಬೀಳುತ್ತದೆ.

ಕಾಗದಪತ್ರಗಳು

ಈ ಭಾಗವನ್ನು ಮಧ್ಯವರ್ತಿಯ ಕೈಗೆ ಪೂರ್ತಿ ಬಿಟ್ಟವರು ಅನಗತ್ಯವಾಗಿ ಹಣ ತೆರುತ್ತಾರೆ. ಆಹಾರ ಸುರಕ್ಷತೆಯ 2006ರ ಕಾಯ್ದೆಯ ಪ್ರಕಾರ ಮನೆಯಲ್ಲಿ ಚಕ್ಕುಲಿ ಮಾಡಿ ಮಾರುವವರೂ ನೋಂದಣಿ ಮಾಡಿಸಿಕೊಳ್ಳಬೇಕು. ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವಹಿವಾಟಿನವರಿಗೆ 2011ರ ನಿಯಮಗಳು ಗೊತ್ತುಮಾಡಿದ್ದ ಮೂಲ ನೋಂದಣಿಯ ಶುಲ್ಕ ವರ್ಷಕ್ಕೆ 100 ರೂಪಾಯಿ ಮಾತ್ರ ಆಗಿತ್ತು. ನೋಂದಣಿಯ ಮಿತಿ ಮೀರಿದವರಿಗೆ ಪರವಾನಗಿ. ನೋಂದಣಿಯ ಅಥವಾ ಪರವಾನಗಿಯ 14 ಅಂಕಿಗಳ ಸಂಖ್ಯೆಯನ್ನು ಅಂಗಡಿಯಲ್ಲಿ ಕಾಣುವಂತೆ ತೂಗುಹಾಕಿ, ಪ್ಯಾಕೆಟ್ಟಿನ ಮೇಲೂ ಅಚ್ಚು ಹಾಕಿಸಬೇಕು. ಪುರಸಭೆಯ ಉದ್ದಿಮೆ ಪರವಾನಗಿ ಬೇರೆ, ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಅಡಿಯ ನೋಂದಣಿ ಬೇರೆ. ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಬೇಕು. ಬೋರ್ಡು ಬರೆಸುವಾಗ 2024ರ ತಿದ್ದುಪಡಿಯಂತೆ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು. ನಮ್ಮ ಊರುಗಳಲ್ಲಿ ಅದು ಪೂರ್ತಿ ಕನ್ನಡದಲ್ಲಿದ್ದರೆ ಇನ್ನೂ ಒಳ್ಳೆಯದು, ಓದುವವರು ಕನ್ನಡಿಗರೇ ತಾನೆ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಆಧಾರ್ ಸಂಖ್ಯೆಯ ಮೇಲೆ ಉಚಿತವಾಗಿ ಸಿಗುತ್ತದೆ. ಅದಕ್ಕೆ ಎರಡು ಮೂರು ಸಾವಿರ ಕೇಳುವ ಜಾಲತಾಣಗಳು ಸರ್ಕಾರದವಲ್ಲ.

ಜಿಎಸ್‌ಟಿಯ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಭಯ ಮತ್ತು ಉಡಾಫೆ ಎರಡೂ ಇಲ್ಲಿಯೇ ಹೆಚ್ಚು. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಒದಗಿಸುವವರದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ತಿಂಡಿ ತೂಗಿ ಕೊಡುವ ಅಂಗಡಿ ಸರಕಿನ ಲೆಕ್ಕಕ್ಕೆ ಬರುತ್ತದೆ. ಅದರ ಮುಂದೆಯೇ ನಾಲ್ಕು ಸ್ಟೂಲು ಹಾಕಿ ಕಾಫಿ, ಬಜ್ಜಿ ಕೊಡಲು ಆರಂಭಿಸಿದಿರೋ, ಅದು ಹೋಟೆಲಿನಂತೆ ಸೇವೆಯಾಗುತ್ತದೆ, 20 ಲಕ್ಷದ ಮಿತಿ ಅನ್ವಯಿಸುತ್ತದೆ. ಇದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಮಿತಿ ದಾಟಿದವರು ವಹಿವಾಟು 1.5 ಕೋಟಿಯೊಳಗಿದ್ದರೆ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಗೆ ಸೇರಬಹುದು. ಅದರಲ್ಲಿ ತಯಾರಕರಿಗೂ ವ್ಯಾಪಾರಿಗಳಿಗೂ ವಹಿವಾಟಿನ ಶೇ 1ರಷ್ಟು, ಹೋಟೆಲಿನವರಿಗೆ ಶೇ 5ರಷ್ಟು ತೆರಿಗೆ. ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು. ಆದರೆ ಆ ತೆರಿಗೆಯನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯುವಂತಿಲ್ಲ, ಹೊರರಾಜ್ಯಕ್ಕೆ ಮಾಲು ಮಾರುವಂತಿಲ್ಲ. ಮುಂಬಯಿಯ ಕನ್ನಡ ಮನೆಗಳಿಗೆ ಕೋಡುಬಳೆ ಕಳಿಸುವ ಆಸೆಯಿದ್ದವರು ಸಾಮಾನ್ಯ ಪದ್ಧತಿಯನ್ನೇ ಆರಿಸಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಖಾರದ ತಿಂಡಿಗಳ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ ಇಳಿದ ಮೇಲೆ ಅದು ಮೊದಲಿನಷ್ಟು ಭಾರವೂ ಅಲ್ಲ.

2025ರ ಜುಲೈನಲ್ಲಿ ನಡೆದದ್ದು ಎಲ್ಲರ ನೆನಪಿನಲ್ಲಿದೆ. ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ನೋಂದಣಿ ಮಾಡಿಸಿಕೊಳ್ಳುವವರ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ ಎಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆಯಲ್ಲಿ ಹೇಳಿದ ಮೇಲೆ ಗದ್ದಲ ತಗ್ಗಿತು. ಆಗ ಹೆಚ್ಚು ತೊಂದರೆಗೆ ಸಿಕ್ಕಿದವರಲ್ಲಿ ಅಂಗಡಿಯ ಹಣ, ಚೀಟಿ ವ್ಯವಹಾರದ ಹಣ, ಭಾವಮೈದುನ ಕಳಿಸಿದ ಕೈಸಾಲ ಎಲ್ಲವನ್ನೂ ಒಂದೇ ಉಳಿತಾಯ ಖಾತೆಯ ಒಂದೇ ಕ್ಯೂಆರ್ ಕೋಡಿಗೆ ಹಾಕಿಸಿಕೊಂಡವರಿದ್ದರು. ಯಾವುದು ಮಾರಾಟ, ಯಾವುದು ಅಲ್ಲ ಎಂದು ಅವರು ತೋರಿಸುವುದಾದರೂ ಹೇಗೆ? ಆದ್ದರಿಂದ ಅಂಗಡಿಗೆಂದೇ ಒಂದು ಚಾಲ್ತಿ ಖಾತೆ, ಅದಕ್ಕೆಂದೇ ಒಂದು ಕ್ಯೂಆರ್ ಕೋಡು ಇರಬೇಕು, ಮನೆಯ ಹಣ ಅದರ ಹತ್ತಿರ ಸುಳಿಯಬಾರದು. ನಗದು ಮಾತ್ರ ಎಂದು ಚೀಟಿ ಅಂಟಿಸುವುದು ಪರಿಹಾರವಲ್ಲ. ಹತ್ತು ರೂಪಾಯಿಗೂ ಮೊಬೈಲು ತೆಗೆಯುವ ಗಿರಾಕಿ ಚೀಟಿ ಓದಿ ಮುಂದಿನ ಅಂಗಡಿಗೆ ಹೋಗುತ್ತಾನೆ.

ಬಾಣಲೆಯ ಹತ್ತಿರ

ಲೆಕ್ಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಚಕ್ಕುಲಿ ಇಂದು ಒಂದು ರುಚಿ, ನಾಳೆ ಇನ್ನೊಂದು ರುಚಿಯಾದರೆ ವ್ಯಾಪಾರ ಉಳಿಯುವುದಿಲ್ಲ. ನಮ್ಮಲ್ಲಿ ಹಿಟ್ಟಿನ ಹದವೆಲ್ಲ ಭಟ್ಟರ ಕೈಯಲ್ಲಿರುತ್ತದೆ. ಬೆಣ್ಣೆ ಒಂದು ಹಿಡಿ ಹೆಚ್ಚಾದರೆ ಚಕ್ಕುಲಿ ಎಣ್ಣೆಯಲ್ಲೇ ಬಿಚ್ಚಿಕೊಂಡು ಪುಡಿಯಾಗುತ್ತದೆ, ಕಡಿಮೆಯಾದರೆ ಹಲ್ಲಿಗೆ ಕಲ್ಲಾಗುತ್ತದೆ. ಭಟ್ಟರು ಒಂದು ದಿನ ಊರಿಗೆ ಹೋಗಿ ಮರಳಿ ಬರಲಿಲ್ಲವೆಂದರೆ ಅವರ ಜೊತೆಗೆ ನಿಮ್ಮ ಅಂಗಡಿಯ ಹೆಸರೂ ಹೋಯಿತು. ನನಗೆ ಹೀಗಾದದ್ದು ಗೌರಿಹಬ್ಬಕ್ಕೆ ಹನ್ನೆರಡು ದಿನ ಮೊದಲು. ಆ ವರ್ಷದ ಕೋಡುಬಳೆಯನ್ನು ಹಲವರು ಮರಳಿ ತಂದು ಮೇಜಿನ ಮೇಲಿಟ್ಟರು. ಮಾತನಾಡದೆ ಇಟ್ಟುಹೋದವರದ್ದೇ ಹೆಚ್ಚು ನೋವಾಯಿತು. ಅಂದಿನಿಂದ ಕೈಯಳತೆಯನ್ನು ಗ್ರಾಂಗೆ ಇಳಿಸಿದೆ. ಭಟ್ಟರು ಪಾತ್ರೆಗೆ ಹಾಕುವ ಮೊದಲು ಪ್ರತಿಯೊಂದನ್ನೂ ತಕ್ಕಡಿಯ ಮೇಲಿಟ್ಟು, ಮೂರು ಒಬ್ಬೆಗಳ ಸರಾಸರಿ ತೆಗೆದು, ಗೋಡೆಗೆ ಅಂಟಿಸಿ, ಇನ್ನೊಬ್ಬರಿಗೆ ಕಲಿಸಿಟ್ಟೆ. ಹಳೆಯ ಭಟ್ಟರಿಗೆ ಇದು ಮೊದಲು ಅನುಮಾನ ಹುಟ್ಟಿಸುತ್ತದೆ. ಸಂಬಳ ಏರಿಸಿ, ಹಬ್ಬಕ್ಕೆ ಮನೆಯವರಿಗೆಲ್ಲ ಬಟ್ಟೆ ಕೊಟ್ಟು ಆ ಅನುಮಾನ ತೆಗೆಯಬೇಕು. ಅವರ ವಿದ್ಯೆಗೆ ಅದು ಸಲ್ಲಬೇಕಾದ ಬೆಲೆಯೂ ಹೌದು.

ಎಣ್ಣೆಯ ವಿಷಯದಲ್ಲಿ ಜಿಪುಣತನ ಬೇಡ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25ನ್ನು ದಾಟಿದರೆ ಆ ಎಣ್ಣೆ ಅಡುಗೆಗೆ ಸಲ್ಲದು ಎಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಅದನ್ನು ಅಳೆಯುವ ಮೀಟರು ಇಲ್ಲದ ಅಂಗಡಿಯಲ್ಲೂ ಕಣ್ಣು ಮೂಗು ಇರುತ್ತವೆ: ಎಣ್ಣೆ ಕಪ್ಪಾಗಿ, ಮೇಲೆ ನಿಲ್ಲುವ ನೊರೆ ಬಂದು, ಉರಿ ಕಡಿಮೆಯಿದ್ದಾಗಲೇ ಹೊಗೆಯಾಡಿದರೆ ಅದರ ಕೆಲಸ ಮುಗಿದಿದೆ. ಬಳಸಿದ ಎಣ್ಣೆಯನ್ನು ಬಯೋಡೀಸೆಲ್ ತಯಾರಿಕೆಗೆ ಕೊಳ್ಳುವ ಅಧಿಕೃತ ಸಂಗ್ರಾಹಕರಿದ್ದಾರೆ. ತಳ್ಳುಗಾಡಿಯವರಿಗೆ ಅದನ್ನು ಮಾರುವುದು ಪಾಪದ ಹಣ. ಹಳೆಯ ಪತ್ರಿಕೆಯಲ್ಲಿ ತಿಂಡಿ ಕಟ್ಟಿಕೊಡುವುದೂ ನಿಷಿದ್ಧ, ಶಾಯಿ ಎಣ್ಣೆಗೆ ಅಂಟುತ್ತದೆ. ಮಳೆಗಾಲದಲ್ಲಿ ಕರಿದ ತಿಂಡಿ ಮೆತ್ತಗಾಗುವುದರಿಂದ ಬಿಸಿ ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ತುಂಬಿ, ಡಬ್ಬದ ಮೇಲೆ ಕರಿದ ತಾರೀಖನ್ನು ಸೀಮೆಸುಣ್ಣದಲ್ಲಿ ಬರೆದು, ಹಳೆಯದು ಮುಂದೆ, ಹೊಸದು ಹಿಂದೆ ಇರುವಂತೆ ಜೋಡಿಸಬೇಕು. ಪ್ಯಾಕೆಟ್ ಮಾಡಿ ಮಾರುವವರು ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನ, ಬಳಕೆಯ ಅವಧಿ, ಗರಿಷ್ಠ ಮಾರಾಟ ಬೆಲೆ, ವಿಳಾಸ, ಹಸಿರು ಚುಕ್ಕೆ ಇವನ್ನು ತಪ್ಪದೆ ಅಚ್ಚುಹಾಕಿಸಬೇಕು. ನಿಪ್ಪಟ್ಟಿನಲ್ಲಿ ಕಡಲೆಕಾಯಿ ಬೀಜ ಇರುವುದನ್ನು ಸ್ಪಷ್ಟವಾಗಿ ಹೇಳಬೇಕು, ಅದು ಒಗ್ಗದವರು ಇರುತ್ತಾರೆ.

ಬೆಳೆಸುವುದು

ಬೆಳೆಯುವುದೆಂದರೆ ಇನ್ನೊಂದು ಬೀದಿಯಲ್ಲಿ ಇನ್ನೊಂದು ಅಂಗಡಿ ಎಂದೇ ಎಲ್ಲರ ಎಣಿಕೆ. ಮೇಲೆ ಕಟ್ಟಿದ ಅಸಲನ್ನು ಮತ್ತೊಮ್ಮೆ ನೋಡಿ. ದಿನಕ್ಕೆ 20 ಕಿಲೋ ಮಾರಿದರೆ ಪ್ರತಿ ಕಿಲೋ ಹೊರುವ ಬಾಡಿಗೆಯ ಹೊರೆ 50 ರೂಪಾಯಿ. ಅದೇ ಅಂಗಡಿಯಲ್ಲಿ 30 ಕಿಲೋ ಮಾರಿದರೆ ಅದು 33ಕ್ಕೆ ಇಳಿಯುತ್ತದೆ. ದರ ಏರಿಸದೆ, ತೂಕ ಇಳಿಸದೆ ಕಿಲೋಗೆ 17 ರೂಪಾಯಿ ಸಿಕ್ಕಿತು. ಎರಡನೆಯ ಅಂಗಡಿ ತೆರೆದರೆ ಈ ಹೊರೆ ಮೊದಲಿನಿಂದ ಆರಂಭವಾಗುತ್ತದೆ, ಮುಂಗಡ ಬೇರೆ, ಮರದ ಕೆಲಸ ಬೇರೆ. ಆದ್ದರಿಂದ ಮೊದಲು ಇರುವ ಬಾಗಿಲಿನಿಂದಲೇ ಹೆಚ್ಚು ಮಾಲು ಹೊರಗೆ ಹೋಗುವ ದಾರಿ ಹುಡುಕಬೇಕು.

ಅದರಲ್ಲಿ ಮೊದಲನೆಯದು ಆರ್ಡರು. ಮದುವೆ, ಗೃಹಪ್ರವೇಶ, ಸೀಮಂತದ ಮಡಿಲು ತುಂಬುವ ತಿಂಡಿ, ಕೃಷ್ಣಜನ್ಮಾಷ್ಟಮಿಯ ಚಕ್ಕುಲಿ, ಯುಗಾದಿಯ ಹೋಳಿಗೆ, ಇವೆಲ್ಲ ಮೊದಲೇ ತಿಳಿದ ಬೇಡಿಕೆಗಳು. ಉಳಿದು ಹಾಳಾಗುವ ಭಯವಿಲ್ಲ. ಅರ್ಧ ಹಣವನ್ನು ಮುಂಗಡವಾಗಿ ಪಡೆದು, ತಿಂಡಿ, ತೂಕ, ದಿನ, ಹೊತ್ತು ಎಲ್ಲವನ್ನೂ ಚೀಟಿಯಲ್ಲಿ ಬರೆದು ಒಂದು ಪ್ರತಿಯನ್ನು ಅವರಿಗೆ ಕೊಡಬೇಕು. ಹೋದ ವರ್ಷ ಯಾರು ಎಷ್ಟು ಒಯ್ದರು ಎಂಬ ಪಟ್ಟಿ ನಿಮ್ಮ ಪುಸ್ತಕದಲ್ಲಿದ್ದರೆ ಹಬ್ಬಕ್ಕೆ ಹದಿನೈದು ದಿನ ಇರುವಾಗ ಅವರಿಗೆ ನೀವೇ ಫೋನು ಮಾಡಬಹುದು. ಇದಕ್ಕಿಂತ ಫಲ ಕೊಡುವ ಜಾಹೀರಾತನ್ನು ನಾನು ಕಂಡಿಲ್ಲ. ಆಷಾಢ ಮತ್ತು ಪಿತೃಪಕ್ಷಗಳಲ್ಲಿ ವ್ಯಾಪಾರ ತಗ್ಗುವುದು ಪ್ರತಿ ವರ್ಷದ ಮಾತು. ಆ ದಿನಗಳನ್ನು ಒಲೆಯ ದುರಸ್ತಿಗೆ, ಸುಣ್ಣಬಣ್ಣಕ್ಕೆ, ಕೆಲಸದವರ ರಜೆಗೆ ಇಟ್ಟುಕೊಳ್ಳುವುದು ಜಾಣತನ.

ಎರಡನೆಯದು ಊರು ಬಿಟ್ಟ ಮಕ್ಕಳು. ಬೆಂಗಳೂರಿನಲ್ಲಿರುವ ಮಗಳಿಗೆ ಚಕ್ಕುಲಿ ಕಳಿಸಬೇಕೆಂದು ಕೇಳುವ ತಾಯಂದಿರು ಪ್ರತಿ ಊರಿನಲ್ಲೂ ಇದ್ದಾರೆ. ಮುರಿಯದಂತೆ ಗಟ್ಟಿ ಡಬ್ಬದಲ್ಲಿ ತುಂಬಿ, ಖಾಲಿ ಜಾಗಕ್ಕೆ ಕಾಗದ ತುರುಕಿ, ಕೊರಿಯರ್ ಮೂಲಕ ಅಥವಾ ಕೆಎಸ್‌ಆರ್‌ಟಿಸಿ 2021ರಲ್ಲಿ ಆರಂಭಿಸಿದ ‘ನಮ್ಮ ಕಾರ್ಗೋ’ ಸೇವೆಯಲ್ಲಿ ಬಸ್ಸಿಗೆ ಹಾಕುವ ಕೆಲಸವನ್ನು ನೀವೇ ಮಾಡಿಕೊಟ್ಟರೆ ಆ ಮಗಳು ಮುಂದಿನ ಸಲ ನಿಮಗೇ ನೇರವಾಗಿ ವಾಟ್ಸ್ಆ್ಯಪ್ ಮಾಡುತ್ತಾಳೆ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು, ತೆರೆಯುವ ಹೊತ್ತು, ಫೋನು ಸಂಖ್ಯೆ, ನಾಲ್ಕು ಒಳ್ಳೆಯ ಫೋಟೋ ಹಾಕಲು ದುಡ್ಡು ಬೇಕಿಲ್ಲ. ಸೋಮವಾರ ರಜೆಯಿದ್ದರೆ ಅದನ್ನೂ ಹಾಕಿ. ದೂರದಿಂದ ಬಂದು ಮುಚ್ಚಿದ ಬಾಗಿಲು ನೋಡಿ ಹೋದವನು ಎರಡನೆಯ ಸಲ ಬರುವುದಿಲ್ಲ.

ಬೇರೆ ಅಂಗಡಿಗಳಿಗೂ ಹೋಟೆಲುಗಳಿಗೂ ಮಾಲು ಹಾಕುವುದು ಮೂರನೆಯದು, ಇದರಲ್ಲಿ ಎಚ್ಚರ ಹೆಚ್ಚು ಬೇಕು. ಕಮಿಷನ್ನು, ವಾಪಸ್ ಬರುವ ಮಾಲು, ತಡವಾಗಿ ಬರುವ ಹಣ ಈ ಮೂರನ್ನೂ ಹಿಡಿದು ಬೇರೆ ಅಸಲು ಕಟ್ಟಿದ ಮೇಲೆಯೇ ಒಪ್ಪಿಕೊಳ್ಳಿ. ನನ್ನಿಂದ ನಿತ್ಯ ನಿಪ್ಪಟ್ಟು ಕೊಳ್ಳುತ್ತಿದ್ದ ಒಂದು ಹೋಟೆಲು ಏಳು ತಿಂಗಳ ಬಾಕಿ ಉಳಿಸಿತ್ತು. ಮಾಲು ನಿಲ್ಲಿಸಿದರೆ ಹಳೆಯದೂ ಮುಳುಗುತ್ತದೆ ಎಂಬ ಭಯದಿಂದ ಹಾಕುತ್ತಲೇ ಹೋದದ್ದು ನನ್ನ ತಪ್ಪು. ಉದ್ಯಮ್ ನೋಂದಣಿಯಿರುವ ತಯಾರಕರಿಗೆ ಸಣ್ಣ ಉದ್ದಿಮೆಗಳ 2006ರ ಎಂಎಸ್‌ಎಂಇ ಕಾಯ್ದೆ ಒಂದು ಆಸರೆ ಕೊಟ್ಟಿದೆ: ಲಿಖಿತ ಒಪ್ಪಂದವಿದ್ದರೂ ಕೊಂಡವರು 45 ದಿನಗಳಿಗಿಂತ ಹೆಚ್ಚು ಕಾಯಿಸುವಂತಿಲ್ಲ, ಕಾಯಿಸಿದರೆ ಬಡ್ಡಿ ತೆರಬೇಕು, ಸರ್ಕಾರದ ಜಾಲತಾಣದಲ್ಲಿ ದೂರು ಕೊಡಬಹುದು. ಆದರೆ ಅದಕ್ಕೆ ಬಿಲ್ಲು ಮತ್ತು ಮಾಲು ಪಡೆದ ಸಹಿ ಬೇಕು. ಚೀಟಿಯಿಲ್ಲದೆ ಬಾಯಿಮಾತಿನಲ್ಲಿ ಹಾಕಿದ ಮಾಲಿಗೆ ಯಾವ ಕಾಯ್ದೆಯೂ ಇಲ್ಲ.

ಹಿಟ್ಟು ಕಲಸುವ ಯಂತ್ರ, ಒತ್ತುವ ಯಂತ್ರ ಕೊಳ್ಳಲು ಸಾಲ ಬೇಕಾದಾಗ ಬಡ್ಡಿ ವ್ಯಾಪಾರಿಯ ಬಳಿಗೆ ಹೋಗಬೇಡಿ. ಮುದ್ರಾ ಯೋಜನೆಯಲ್ಲಿ ಶಿಶು ವರ್ಗದಲ್ಲಿ 50,000ದವರೆಗೆ, ಕಿಶೋರ್ ವರ್ಗದಲ್ಲಿ 5 ಲಕ್ಷದವರೆಗೆ, ತರುಣ್ ವರ್ಗದಲ್ಲಿ 10 ಲಕ್ಷದವರೆಗೆ ಅಡಮಾನವಿಲ್ಲದೆ ಬ್ಯಾಂಕುಗಳು ಸಾಲ ಕೊಡುತ್ತವೆ. ಕಿರು ಆಹಾರ ಸಂಸ್ಕರಣೆಗೆಂದು 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35ರ ಸಹಾಯಧನಕ್ಕೆ ಕರ್ನಾಟಕ ಸರ್ಕಾರ ಶೇ 15ನ್ನು ಸೇರಿಸಿತು; ಅದನ್ನು ನಡೆಸುವ ಹೊಣೆ ಕೆಪೆಕ್ ಎಂಬ ರಾಜ್ಯ ಸರ್ಕಾರದ ಸಂಸ್ಥೆಗೆ ಬಂತು, ಅರ್ಜಿ ಬರೆಯಲು ನೆರವಾಗುವ ಸಂಪನ್ಮೂಲ ವ್ಯಕ್ತಿಗಳನ್ನು ಜಿಲ್ಲೆಗಳಲ್ಲಿ ನೇಮಿಸಲಾಗಿತ್ತು. ಬ್ಯಾಂಕಿನವರು ಮೊದಲು ಕೇಳುವುದು ಚಾಲ್ತಿ ಖಾತೆಯ ವಿವರ ಮತ್ತು ನಿಮ್ಮ ಲೆಕ್ಕ. ಸಹಾಯಧನ ಸಿಗುತ್ತದೆಂಬ ಒಂದೇ ಕಾರಣಕ್ಕೆ ಅಗತ್ಯಕ್ಕಿಂತ ದೊಡ್ಡ ಯಂತ್ರ ಕೊಳ್ಳಬೇಡಿ. ದಿನಕ್ಕೆ 30 ಕಿಲೋ ಮಾರುವ ಅಂಗಡಿಯಲ್ಲಿ ಗಂಟೆಗೆ 40 ಕಿಲೋ ಒತ್ತುವ ಯಂತ್ರ ದಿನದ ಬಹುಪಾಲು ಮುಸುಕು ಹೊದ್ದು ಕೂರುತ್ತದೆ, ಕಂತು ಮಾತ್ರ ತಿಂಗಳು ತಿಂಗಳೂ ಎದ್ದು ಬರುತ್ತದೆ.

ಇಷ್ಟಾದ ಮೇಲೂ ಎರಡನೆಯ ಅಂಗಡಿ ಬೇಕೆನಿಸಿದರೆ ಒಂದು ಪರೀಕ್ಷೆ ಮಾಡಿ. ಹಬ್ಬವಿಲ್ಲದ ಒಂದು ಸಮಯದಲ್ಲಿ ಹದಿನೈದು ದಿನ ಊರಲ್ಲಿ ಇಲ್ಲದಂತೆ ಇದ್ದುಬಿಡಿ. ಗೋಡೆಯ ಮೇಲಿನ ಅಳತೆಯಂತೆ ಹಿಟ್ಟು ಕಲಸಿದ್ದಾರೆಯೇ, ಕಿರ್ದಿಯಲ್ಲಿ ಹದಿನೈದೂ ದಿನಗಳ ಶಿಲ್ಕು ಕೂಡುತ್ತದೆಯೇ, ಉದ್ರಿಯ ಪುಸ್ತಕದಲ್ಲಿ ಹೊಸ ಹೆಸರುಗಳು ಎಷ್ಟು ಸೇರಿವೆ, ಮರಳಿ ಬಂದ ದಿನ ಈ ಮೂರನ್ನು ನೋಡಿ. ನಾನು ಈ ಪರೀಕ್ಷೆಯನ್ನು ಎರಡು ಸಲ ಮಾಡಿದೆ. ಮೊದಲ ಸಲ ಹೊಸ ಹೆಸರುಗಳು ಹದಿನೇಳು ಇದ್ದವು, ಜಾಗಕ್ಕೆ ಕೊಡಬೇಕೆಂದು ತೆಗೆದಿಟ್ಟ ಮುಂಗಡವನ್ನು ಬ್ಯಾಂಕಿಗೆ ಮರಳಿಸಿದೆ. ಎರಡು ವರ್ಷದ ಮೇಲೆ ಮತ್ತೆ ಮಾಡಿದಾಗ ಎರಡೇ ಹೆಸರುಗಳಿದ್ದವು, ಎರಡರ ಮುಂದೆಯೂ ಕೊಡುವ ತಾರೀಖು ಬರೆದಿತ್ತು. ಆ ವಾರ ಜಾಗ ನೋಡಲು ಹೊರಟೆ.